ಇಂಜಿನ್ ಗಟ್ಟಿ, ತಳ ಟೊಳ್ಳು: ಹಳೇ ಮಾರುತಿ 800 ಮತ್ತು ಎಫ್‌ಸಿ ಬಗ್ಗೆ ನಾವು ನಂಬಿಕೊಂಡಿರುವುದು

ಹುಣಸೂರಿನಿಂದ ಎಚ್.ಡಿ. ಕೋಟೆ ಕಡೆಗೆ ಹೋಗುವಾಗ ಕಾರು ಪಂಚರ್ ಆಯಿತು. ಜುಲೈ ತಿಂಗಳ ಜಡಿಮಳೆ ಆಗಷ್ಟೇ ನಿಂತಿತ್ತು. ಗಾಡಿಯನ್ನು ರಸ್ತೆಬದಿಗೆ ಹಾಕಿ, ಡಿಕ್ಕಿಯಿಂದ ಸ್ಟೆಪ್ನಿ ಇಳಿಸಿ, ಬಾಗಿಲ ಕೆಳಗಿನ ಅಂಚಿಗೆ ಜಾಕಿ ಕೊಟ್ಟು ತಿರುಗಿಸಿದೆ. ಕಾರು ಮೇಲೇಳಲಿಲ್ಲ. ಜಾಕಿಯ ತಲೆ ತಗಡಿನ ಒಳಕ್ಕೇ ನುಗ್ಗಿತು. ಹಪ್ಪಳ ಮುರಿದಂಥ ಸದ್ದು. ಕೆಳಗೆ ಕೈಯಿಟ್ಟರೆ ಅಂಗೈ ತುಂಬ ಕೆಂಪು ತುಕ್ಕಿನ ಪುಡಿ.

2005ರ ಮಾರುತಿ 800 ಅದು, ಕೆಎ-45 ನಂಬರು. ಹದಿನೈದು ವರ್ಷ ತುಂಬಿದಾಗ ತಪಾಸಣೆಗೆ ಒಯ್ದು ನೋಂದಣಿ ನವೀಕರಿಸಿದ್ದೆ. ಐದು ವರ್ಷಕ್ಕೆ ಊರ್ಜಿತವಾದ ಆರ್‌ಸಿ ಡ್ಯಾಶ್‌ಬೋರ್ಡಿನೊಳಗೇ ಇತ್ತು. ಇಂಜಿನ್ ಎಂಥ ಚಳಿಯಲ್ಲೂ ಅರ್ಧ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತಿತ್ತು. "ಎಫ್‌ಸಿ ಆಗಿದೆ, ಇನ್ನು ಐದು ವರ್ಷ ಚಿಂತೆಯಿಲ್ಲ" ಎಂದು ಮನೆಯವರಿಗೆಲ್ಲ ಹೇಳಿದ್ದವನು ನಾನೇ. ಅವತ್ತಿನಿಂದ ಈ ಕಾರಿನ ಬಗ್ಗೆ ನಮ್ಮ ಕಡೆ ಆಡುವ ಒಂದೊಂದು ಮಾತನ್ನೂ ಹಿಡಿದು ಪರೀಕ್ಷಿಸುವ ಅಭ್ಯಾಸವಾಯಿತು.

ನಮ್ಮ ಕಡೆ ಎಂದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ. ಕೆಎ-45 ಹುಣಸೂರಿನ ಸಾರಿಗೆ ಕಚೇರಿಯ ಸಂಖ್ಯೆ. ಇಲ್ಲಿ 800 ಇನ್ನೂ ಓಡಾಡುವುದಕ್ಕೆ ಒಂದು ಕಾರಣವಿದೆ. 2010ರ ಏಪ್ರಿಲ್‌ನಲ್ಲಿ ಬೆಂಗಳೂರು ಸೇರಿ ದೇಶದ 13 ನಗರಗಳಿಗೆ ಭಾರತ್ ಸ್ಟೇಜ್-4 ಹೊಗೆ ನಿಯಮ ಬಂದಾಗ ಅಲ್ಲೆಲ್ಲ ಈ ಕಾರಿನ ಮಾರಾಟ ನಿಂತುಹೋಯಿತು. ಸಣ್ಣ ಊರುಗಳಲ್ಲಿ ಮುಂದುವರಿಯಿತು. 1983ರ ಡಿಸೆಂಬರ್‌ನಲ್ಲಿ ಶುರುವಾದ ತಯಾರಿಕೆ ಮುಗಿದದ್ದು 2014ರ ಜನವರಿಯಲ್ಲಿ. ಹಾಗಾಗಿ ಕಡೇ ಕಾಲದ 800 ಕಾರುಗಳು ನಮ್ಮಂಥ ತಾಲ್ಲೂಕುಗಳಿಗೇ ಬಂದವು. ಅವಕ್ಕೆ ಹದಿನೈದು ತುಂಬುವ ಸರದಿ 2029ರವರೆಗೂ ಇದೆ.

"ಹದಿನೈದು ವರ್ಷ ಆಯ್ತಾ? ಗುಜರಿಗೆ ಹಾಕು"

ಇದು ದೆಹಲಿಯ ಸುದ್ದಿ ನಮ್ಮೂರಿನ ಕಾನೂನಾಗಿ ಕೇಳಿಸಿದ ಫಲ. ರಾಜಧಾನಿ ವಲಯದಲ್ಲಿ ಹದಿನೈದು ವರ್ಷದ ಪೆಟ್ರೋಲ್ ಗಾಡಿ, ಹತ್ತು ವರ್ಷದ ಡೀಸೆಲ್ ಗಾಡಿ ಓಡಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2014-15ರಲ್ಲಿ ಆದೇಶಿಸಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಜಾರಿಗೆ ತರಲು ಹೇಳಿತು. ಆಮೇಲೆ 2021ರಲ್ಲಿ ಗುಜರಿ ನೀತಿ ಬಂತು. 2023ರ ಏಪ್ರಿಲ್‌ನಿಂದ ಹದಿನೈದು ದಾಟಿದ ಸರ್ಕಾರಿ ವಾಹನಗಳ ನೋಂದಣಿ ರದ್ದಾಯಿತು. ಮೂರೂ ಸೇರಿ ಜನರ ತಲೆಯಲ್ಲಿ ಒಂದೇ ಗಂಟಾಗಿದೆ.

ಕರ್ನಾಟಕದಲ್ಲಿ ಖಾಸಗಿ ಕಾರಿಗೆ ಅಂಥ ವಯಸ್ಸಿನ ಗಡಿ ಇಲ್ಲ. ಮೋಟಾರು ವಾಹನ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ, ಆಮೇಲೆ ತಪಾಸಣೆಯಲ್ಲಿ ಪಾಸಾದರೆ ಐದೈದು ವರ್ಷಕ್ಕೆ ನವೀಕರಣ. ಮುಗಿಯುವ ದಿನಕ್ಕೆ 60 ದಿನ ಇರುವಾಗಿನಿಂದ 25ನೇ ನಮೂನೆಯಲ್ಲಿ ಅರ್ಜಿ ಹಾಕಬಹುದು. ಖರ್ಚು ಮಾತ್ರ ಏರಿದೆ. ನಾನು ಮೊದಲ ಸಲ ಮಾಡಿಸಿದಾಗ 600 ರೂಪಾಯಿ ಇದ್ದ ಕೇಂದ್ರದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. ಇಪ್ಪತ್ತು ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಿಂದ 10,000. ತಡ ಮಾಡಿದರೆ ತಿಂಗಳಿಗೆ 500 ದಂಡ ಬೇರೆ. ಹಣ ಹೆಚ್ಚಾಯಿತೆಂದು ಗಾಡಿ ಮಾರುವುದು ಅವರವರ ಲೆಕ್ಕಾಚಾರ. ಕಾನೂನಿಗೆ ಹೆದರಿ ಚೆನ್ನಾಗಿರುವ ಕಾರನ್ನು ಗುಜರಿ ತೂಕಕ್ಕೆ ಕೊಟ್ಟವರನ್ನು ಕಂಡಾಗ ನನಗೆ ಹೊಟ್ಟೆ ಉರಿಯುತ್ತದೆ.

ಒಂದು ವ್ಯತ್ಯಾಸ ತಿಳಿದಿರಬೇಕು. ಬಿಳಿ ಬೋರ್ಡಿನ ಕಾರಿಗೆ ನಾವು ರೂಢಿಯಲ್ಲಿ "ಎಫ್‌ಸಿ" ಎನ್ನುವುದು ಈ ನೋಂದಣಿ ನವೀಕರಣವನ್ನೇ. ನಿಜವಾದ ಫಿಟ್‌ನೆಸ್ ಸರ್ಟಿಫಿಕೇಟ್ ಹಳದಿ ಬೋರ್ಡಿನ ಗಾಡಿಗಳಿಗೆ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ. ಬಾಡಿಗೆ ಗಾಡಿಯ ತಳವನ್ನು ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆಯಾದರೂ ಯಾರೋ ಬಗ್ಗಿ ನೋಡುತ್ತಾರೆ. ಮನೆಯ ಕಾರಿನದನ್ನು ಹದಿನೈದು ವರ್ಷ ಯಾರೂ ನೋಡಬೇಕಿಲ್ಲ.

"ಪಾಸಾಗಿದೆ ಅಂದ್ಮೇಲೆ ಐದು ವರ್ಷ ಗಟ್ಟಿ"

ನನ್ನನ್ನು ರಸ್ತೆಬದಿಯಲ್ಲಿ ಕೂರಿಸಿದ ನಂಬಿಕೆ ಇದೇ. ತಪಾಸಣೆ ಹೇಳುವುದು ಆ ದಿನದ ಸ್ಥಿತಿಯನ್ನು. ಬಿ.ಪಿ. ನೋಡಿಸಿಕೊಂಡ ಹಾಗೆ. ಇವತ್ತು ಸರಿಯಾಗಿದ್ದ ಬ್ರೇಕಿನ ಪೈಪು ಮುಂದಿನ ಮಳೆಗಾಲಕ್ಕೆ ಜಿನುಗಬಹುದು. ಐದು ವರ್ಷ ಎಂಬುದು ಕಾಗದದ ಆಯಸ್ಸು.

ಅಲ್ಲಿ ನೋಡುವುದಾದರೂ ಏನನ್ನು? ಇಂಜಿನ್ ಹಿಂದಿನ ತಗಡಿನ ಮೇಲೆ ಕೊರೆದಿರುವ ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆಯುತ್ತಾರೆ, ಆರ್‌ಸಿಯೊಂದಿಗೆ ತಾಳೆ ನೋಡುತ್ತಾರೆ. ಹೆಡ್‌ಲೈಟು, ಇಂಡಿಕೇಟರ್, ಬ್ರೇಕ್ ಲೈಟು, ಹಾರ್ನು, ವೈಪರ್, ಸೀಟ್ ಬೆಲ್ಟು, ಹ್ಯಾಂಡ್‌ಬ್ರೇಕು ನೋಡುತ್ತಾರೆ. ಟೈರಿನ ಬಟನ್ 1.6 ಮಿಲಿಮೀಟರಿಗಿಂತ ಕಡಿಮೆಯಾಗುವಷ್ಟು ಸವೆದಿರಬಾರದು. ಸ್ಟಿಯರಿಂಗ್ ತಿರುಗಿಸಿದಾಗ ಚಕ್ರ ಅಲ್ಲಾಡುವ ಮೊದಲಿನ ಖಾಲಿ ಆಟ 30 ಡಿಗ್ರಿ ಮೀರಿರಬಾರದು. ಇವು ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿರುವ ಅಳತೆಗಳು. ಯಾವುದೂ ಕಡೆಗಣಿಸುವಂಥದ್ದಲ್ಲ. ಆದರೆ ಬಾಗಿಲ ಕೆಳಗಿನ ಪೆಟ್ಟಿಗೆಯಂಥ ತಗಡಿನ ಒಳಗೆ ಏನಾಗುತ್ತಿದೆ ಎಂಬುದು ನಿಂತು ನೋಡುವವರ ಕಣ್ಣಿಗೆ ಕಾಣುವುದಿಲ್ಲ. ಹೊರಗಿನ ಬಣ್ಣ ಹೊಳೆಯುತ್ತಿರುತ್ತದೆ.

ನಮ್ಮ ಮೆಕ್ಯಾನಿಕ್ ಕಾರನ್ನು ರ‍್ಯಾಂಪಿಗೆ ಹತ್ತಿಸಿ ಅದನ್ನು ತೋರಿಸಿದ. ಸ್ಕ್ರೂಡ್ರೈವರಿನ ಹಿಡಿಯಿಂದ ತಳವನ್ನು ತಟ್ಟುತ್ತ ಹೋದ. ಮುಂದೆ ಟಣ್ ಟಣ್ ಎನ್ನುತ್ತಿದ್ದ ತಗಡು ಬಾಗಿಲ ಹತ್ತಿರ ಬಂದಾಗ ಸತ್ತ ಸದ್ದು ಮಾಡಿತು. ತುದಿಯಿಂದ ಒತ್ತಿದ, ಒಳಕ್ಕೆ ಹೋಯಿತು. ಹೊರಕ್ಕೆಳೆದಾಗ ಒದ್ದೆ ಮಣ್ಣು ಉದುರಿತು. "ಸಾರ್, ನೀರು ಇಳಿಯೋಕೆ ಇಲ್ಲೊಂದು ತೂತು ಬಿಟ್ಟಿರ್ತಾರೆ, ನೋಡಿ. ಗದ್ದೆ ಮಣ್ಣು ಮೆತ್ಕೊಂಡು ಮುಚ್ಚೋಗದೆ. ಇಂಜಿನ್‌ಗೇನೂ ಆಗಿಲ್ಲ, ಮನೆ ಅಡಿಪಾಯನೇ ಕುಸ್ದದೆ" ಎಂದ.

ಇದು ನಮ್ಮ ಸೀಮೆಯಲ್ಲಿ ಹೆಚ್ಚು ಏಕೆಂದು ಆಮೇಲೆ ಅರ್ಥವಾಯಿತು. ಕೊಡಗಿನ ಮಗ್ಗುಲಿನ ಪಿರಿಯಾಪಟ್ಟಣ, ಹುಣಸೂರಿಗೆ ಮುಂಗಾರಿನ ಸೋನೆ ವಾರಗಟ್ಟಲೆ ಹಿಡಿಯುತ್ತದೆ. ಕೆ.ಆರ್. ನಗರದ ನಾಲೆ ಬಯಲಿನಲ್ಲಿ ಗದ್ದೆಯ ರಾಡಿ. ತಂಬಾಕು ಬೆಳೆಯುವವರ ಮನೆಯ ಕಾರು ಗೊಬ್ಬರದ ಮೂಟೆಯನ್ನೂ ಹೊರುತ್ತದೆ. ರಸಗೊಬ್ಬರವೆಂದರೆ ಉಪ್ಪಿನ ಜಾತಿ. ಅಮೋನಿಯಂ ಸಲ್ಫೇಟ್, ಪೊಟ್ಯಾಸಿಯಂ ಸಲ್ಫೇಟ್ ಚೂರು ಉದುರಿ ತೇವಕ್ಕೆ ಕರಗಿದರೆ ತಗಡು ತಿನ್ನುವ ವೇಗ ಹೆಚ್ಚುತ್ತದೆ. ಮೇಲೆ ಬಳಿಸಿದ ಅಂಡರ್‌ಕೋಟಿಂಗ್ ಎಲ್ಲಾದರೂ ಬಿರುಕು ಬಿಟ್ಟಿದ್ದರೆ ಅದರ ಸಂದಿಯಲ್ಲಿ ನೀರು ನಿಲ್ಲುತ್ತದೆ, ಒಣಗುವುದೇ ಇಲ್ಲ. ಹಳೇ ತುಕ್ಕಿನ ಮೇಲೇ ಕಪ್ಪು ಬಳಿಸಿ "ತಳ ಮಾಡಿಸಿದ್ದೀನಿ" ಎನ್ನುವುದು ಗಾಯ ತೊಳೆಯದೆ ಬಟ್ಟೆ ಕಟ್ಟಿದ ಹಾಗೆ.

"ಎಫ್‌ಸಿ ಫೇಲಾಯ್ತು, ಆ ಮಾಡೆಲ್ಲೇ ಸರಿಯಿಲ್ಲ"

ಇದಕ್ಕೆ ಜರ್ಮನಿಯ ಉದಾಹರಣೆ ಒಳ್ಳೆಯ ಪಾಠ. ಅಲ್ಲಿ ಹೊಸ ಕಾರಿಗೆ ಮೂರು ವರ್ಷಕ್ಕೆ ಮೊದಲ ತಪಾಸಣೆ, ಆಮೇಲೆ ಎರಡು ವರ್ಷಕ್ಕೊಮ್ಮೆ. ಟ್ಯೂಫ್ ಎಂಬ ತಪಾಸಣಾ ಸಂಸ್ಥೆ ಯಾವ ಮಾದರಿಯಲ್ಲಿ ಎಷ್ಟು ದೋಷ ಕಂಡಿತೆಂದು ಪ್ರತಿವರ್ಷ ಪಟ್ಟಿ ಹಾಕುತ್ತದೆ. ಡೇಸಿಯಾ ಲೋಗನ್ ಎಂಬ ಅಗ್ಗದ ಕಾರು ಹಲವು ವರ್ಷ ಆ ಪಟ್ಟಿಯ ತಳದಲ್ಲಿತ್ತು. ನಮ್ಮಲ್ಲಿ 2007ರಲ್ಲಿ ಮಹೀಂದ್ರದವರು ತಂದ ಲೋಗನ್ ಅದೇ ವಂಶದ್ದು. ಪಟ್ಟಿ ನೋಡಿದವರು "ಕೈಕೊಡುವ ಗಾಡಿ" ಎಂದುಬಿಡುತ್ತಾರೆ. ಆದರೆ ತಪಾಸಣೆ ಎಣಿಸುವುದು ಮಂಕಾದ ದೀಪ, ಸವೆದ ಬುಷ್, ತುಕ್ಕು ಹಿಡಿದ ಬ್ರೇಕ್ ಡಿಸ್ಕ್, ಆಯಿಲ್ ಜಿನುಗನ್ನು. ದಾರಿಯಲ್ಲಿ ಎಷ್ಟು ಸಲ ನಿಂತಿತು ಎಂಬುದನ್ನಲ್ಲ. ಆ ಲೆಕ್ಕವನ್ನು ಅಡಾಕ್ ಎಂಬ ವಾಹನ ಮಾಲೀಕರ ಸಂಘ ಬೇರೆಯಾಗಿ ಇಡುತ್ತದೆ. ತಪಾಸಣೆಗೆ ಮುನ್ನ ಸರ್ವಿಸ್ ಮಾಡಿಸುವವರ ಕಾರು ಪಾಸಾಗುತ್ತದೆ, ಹಾಗೇ ಒಯ್ಯುವವರದು ಸಿಕ್ಕಿಬೀಳುತ್ತದೆ. ಅಗ್ಗದ ಕಾರಿನ ಫಲಿತಾಂಶದಲ್ಲಿ ಕಾರಿನ ಗುಣದ ಜೊತೆ ಮಾಲೀಕನ ಜೇಬೂ ಸೇರಿಕೊಂಡಿರುತ್ತದೆ.

ನಮ್ಮಲ್ಲಿ ಅಂಥ ಮಾದರಿವಾರು ಪಟ್ಟಿ ಇಲ್ಲ. ಇದ್ದಿದ್ದರೆ ಸೆಕೆಂಡ್‌ಹ್ಯಾಂಡ್ ಕಾರು ಕೊಳ್ಳುವ ಬಡವರಿಗೆ ದೊಡ್ಡ ಉಪಕಾರವಾಗುತ್ತಿತ್ತು. ಈಗ ಅವರು ನಂಬುವುದು ಊರಿನ ಮಾತನ್ನು, ಮತ್ತು ಹೊಸದಾಗಿ ಹೊಡೆಸಿದ ಪೇಂಟನ್ನು.

"ಹೊಗೆ ಟೆಸ್ಟ್ ಇದೆಯಲ್ಲ"

ಹೊಗೆ ಸರ್ಟಿಫಿಕೇಟಿಗೂ ಬ್ರೇಕಿಗೂ ಸಂಬಂಧವಿಲ್ಲ. ಇಂಜಿನ್ ಐಡಲಿನಲ್ಲಿರುವಾಗ ಸೈಲೆನ್ಸರಿಗೆ ಕೊಳವೆ ಇಟ್ಟು ಅಳೆಯುವುದು ಕಾರ್ಬನ್ ಮಾನಾಕ್ಸೈಡು ಮತ್ತು ಹೈಡ್ರೋಕಾರ್ಬನ್ನು, ಅಷ್ಟೇ. ಭಾರತ್ ಸ್ಟೇಜ್-2ಕ್ಕೆ ಮುಂಚಿನ ಪೆಟ್ರೋಲ್ ಕಾರಿಗೆ ಮಾನಾಕ್ಸೈಡು ಶೇ. 3ರವರೆಗೆ ಇರಬಹುದು, ಸ್ಟೇಜ್-2 ಕಾರಿಗೆ ಶೇ. 0.5. ಆದ್ದರಿಂದ ಅಕ್ಕಪಕ್ಕ ನಿಂತ ಎರಡು 800ಗಳಲ್ಲಿ ಹೆಚ್ಚು ಹೊಗೆಯದು ಪಾಸಾಗಿ ಕಡಿಮೆಯದು ಫೇಲಾದರೆ ಯಂತ್ರ ಕೆಟ್ಟಿದೆ ಎಂದು ಜಗಳಕ್ಕೆ ಹೋಗಬೇಡಿ.

"ಇನ್ಶೂರೆನ್ಸ್ ಚಾಲ್ತಿ ಇದೆ, ಆರ್‌ಸಿ ಆಮೇಲೆ ನೋಡ್ಕಳಣ"

ಈ ಮಾತು ಕೇಳಿದಾಗಲೆಲ್ಲ ನನಗೆ ಭಯವಾಗುತ್ತದೆ. ನೋಂದಣಿ ಮುಗಿದ ಕಾರನ್ನು ರಸ್ತೆಗಿಳಿಸುವುದು ಕಾಯ್ದೆಯ 39ನೇ ಸೆಕ್ಷನ್ನಿಗೆ ವಿರುದ್ಧ. 2014ರಲ್ಲಿ ನರೀಂದರ್ ಸಿಂಗ್ ಪ್ರಕರಣದಲ್ಲಿ, ಮತ್ತೆ 2021ರಲ್ಲಿ ಸುಶೀಲ್ ಕುಮಾರ್ ಗೋದಾರಾ ಪ್ರಕರಣದಲ್ಲಿ, ನೋಂದಣಿ ಇಲ್ಲದೆ ಓಡಿಸುವುದು ಪಾಲಿಸಿಯ ಮೂಲ ಷರತ್ತನ್ನೇ ಮುರಿದಂತೆ ಎಂದು ಸುಪ್ರೀಂ ಕೋರ್ಟ್ ಹೇಳಿತು. ಒಂದು ಅಪಘಾತ, ಇನ್ನೊಂದು ಕಳವು. ಎರಡರಲ್ಲೂ ತಾತ್ಕಾಲಿಕ ನೋಂದಣಿಯ ಅವಧಿ ಮುಗಿದಿತ್ತು. ಪ್ರೀಮಿಯಂ ಕಟ್ಟಿದ್ದರೂ ಮಾಲೀಕರಿಗೆ ಪರಿಹಾರ ಸಿಗಲಿಲ್ಲ. ಹದಿನೈದು ತುಂಬಿದ ದಿನವನ್ನು ಮರೆತು ಮನೆಮಂದಿಯನ್ನು ಕೂರಿಸಿಕೊಂಡು ಮಡಿಕೇರಿ ರಸ್ತೆಗೆ ಹೊರಡುವವರಿಗೆ ಇದು ಗೊತ್ತಿರಬೇಕು.

"ಕೈಕೊಡದ ಕಾರು, ಅಂದ್ರೆ ಕ್ಷೇಮ"

796 ಸಿಸಿಯ ಮೂರು ಸಿಲಿಂಡರಿನ ಆ ಇಂಜಿನ್ ಬಗ್ಗೆ ನನಗೂ ಪ್ರೀತಿ ಇದೆ. ಸರಳ ಯಂತ್ರ, ಬಿಡಿಭಾಗ ಅಗ್ಗ, ಸಂತೆ ಊರಿನ ಯಾವ ಮೆಕ್ಯಾನಿಕ್ಕಾದರೂ ಬಿಚ್ಚಿ ಜೋಡಿಸಬಲ್ಲ. ಆದರೆ ದಾರಿಯಲ್ಲಿ ನಿಲ್ಲದಿರುವುದು ಒಂದು, ಗುದ್ದಿದಾಗ ಒಳಗಿದ್ದವರನ್ನು ಉಳಿಸುವುದು ಮತ್ತೊಂದು. ಈ ಕಾರಿನ ತಯಾರಿಕೆ ನಿಂತ ತಿಂಗಳೇ, 2014ರ ಜನವರಿಯಲ್ಲಿ, ಗ್ಲೋಬಲ್ ಎನ್‌ಕ್ಯಾಪ್ ಭಾರತದ ಐದು ಸಣ್ಣ ಕಾರುಗಳನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಗುದ್ದಿಸಿದ ಪರೀಕ್ಷೆಯ ಫಲಿತಾಂಶ ಬಂತು. ಏರ್‌ಬ್ಯಾಗ್ ಇಲ್ಲದ ಐದಕ್ಕೂ ಸೊನ್ನೆ ನಕ್ಷತ್ರ. 800 ಆ ಪಟ್ಟಿಯಲ್ಲಿರಲಿಲ್ಲ, ಅದರ ತಮ್ಮನಂತಿದ್ದ ಆಲ್ಟೊ 800 ಇತ್ತು. ನಮ್ಮ ಕಾರಿಗೆ ಏರ್‌ಬ್ಯಾಗೂ ಇಲ್ಲ, ಎಬಿಎಸ್ಸೂ ಇಲ್ಲ. ಗುದ್ದಿದಾಗ ಆಧಾರಕ್ಕಿರುವುದು ಸೀಟ್ ಬೆಲ್ಟು ಮತ್ತು ಆ ತಗಡಿನ ಗೂಡು. ಬಾಗಿಲ ಕೆಳಗಿನ ಪೆಟ್ಟಿಗೆ ಆ ಗೂಡಿನ ತೊಲೆ. ಅದು ಟೊಳ್ಳಾದರೆ ಸೀಟು, ಬೆಲ್ಟು ಕಚ್ಚಿಕೊಂಡಿರುವ ನೆಲವೂ ಸಡಿಲ.

ನಾನು ಎರಡೂ ಕಡೆ ಕೊಳೆತದ್ದನ್ನು ಕತ್ತರಿಸಿ ತೆಗೆಸಿ ಹೊಸ ತಗಡು ವೆಲ್ಡ್ ಮಾಡಿಸಿದೆ. ಎರಡನೇ ನವೀಕರಣಕ್ಕೆ ಹೋಗುವ ಮೊದಲು ಮತ್ತೆ ರ‍್ಯಾಂಪಿಗೆ ಹತ್ತಿಸಿದಾಗ ಹಿಂದಿನ ಚಕ್ರದ ಬ್ರೇಕ್ ಸಿಲಿಂಡರ್ ಜಿನುಗುತ್ತಿದ್ದುದು, ಲೋಯರ್ ಆರ್ಮ್ ಬುಷ್ ಹರಿದಿದ್ದುದು ಸಿಕ್ಕಿತು. ಎರಡನ್ನೂ ಹಾಕಿಸಿದ ಮೇಲೆ ಹೊಂಡದ ದಾರಿಯಲ್ಲಿ ಬರುತ್ತಿದ್ದ ಲಟಲಟ ಸದ್ದು ನಿಂತಿತು. ಈಗ ಮೇ ಕೊನೆಯಲ್ಲಿ, ಮೊದಲ ಮಳೆಗೆ ಮುಂಚೆ, ಬಾಗಿಲ ಕೆಳಗಿನ ತೂತುಗಳಿಗೆ ತಂತಿ ಆಡಿಸಿ ನೀರು ಬಿಡುತ್ತೇನೆ. ಮೊದಲು ಕೆಂಪಗೆ ಬರುತ್ತದೆ. ತಿಳಿಯಾಗುವವರೆಗೂ ಬಿಡಬೇಕು.