ವಾಹನದ ಬೆಸುಗೆ ಮತ್ತು ವಿದ್ಯುದುಪಕರಣಗಳ ರಕ್ಷಣೆ

ಕುಂದಾಪುರದಿಂದ ಬೈಂದೂರಿಗೆ ಸಾಗುವ ಹೆದ್ದಾರಿಯು ಮರವಂತೆಯಲ್ಲಿ ಒಂದು ಬದಿಗೆ ಅರಬ್ಬೀ ಸಮುದ್ರವನ್ನೂ ಇನ್ನೊಂದು ಬದಿಗೆ ಸೌಪರ್ಣಿಕಾ ನದಿಯನ್ನೂ ಇರಿಸಿಕೊಂಡಿದೆ. ಪ್ರವಾಸಿಗಳ ಕಣ್ಣಿಗೆ ಇದು ಹಬ್ಬ. ವಾಹನದ ಉಕ್ಕಿಗೆ ಮಾತ್ರ ಕಠಿಣ ಪರೀಕ್ಷೆ. ಬ್ರಹ್ಮಾವರದಿಂದ ಬೈಂದೂರಿನವರೆಗಿನ ಈ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು ೪,೦೦೦ ಮಿಲಿಮೀಟರ್ ಮಳೆ ಸುರಿಯುತ್ತದೆ. ಉಪ್ಪಿನ ಗಾಳಿಯೂ ಮಳೆಯ ನೀರೂ ಕೂಡಿ ಕಾರಿನ ತಳದ ತಗಡನ್ನು, ಬಾಗಿಲುಗಳ ಕೆಳಗಿನ ಪಟ್ಟಿಯನ್ನು ಮೆಲ್ಲಮೆಲ್ಲನೆ ತಿನ್ನುತ್ತವೆ. ತುಕ್ಕು ಹಿಡಿದ ಭಾಗವನ್ನು ಕತ್ತರಿಸಿ ಹೊಸ ತಗಡನ್ನು ಬೆಸೆಯುವುದು ಇಲ್ಲಿನ ಟಿಂಕರಿಂಗ್ ಕೆಲಸಗಾರರಿಗೆ ನಿತ್ಯದ ಕಾಯಕ.

ಹಿಂದಿನ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾರುಗಳಲ್ಲಿ ಇಂಧನವನ್ನು ಕಾರ್ಬುರೇಟರು ಒದಗಿಸುತ್ತಿತ್ತು; ಬೆಸುಗೆಯಿಂದ ಕೆಡಬಹುದಾದ ಸೂಕ್ಷ್ಮ ಉಪಕರಣಗಳು ಅವುಗಳಲ್ಲಿ ವಿರಳ. ಇಂದಿನ ಸ್ಥಿತಿ ಬೇರೆ. ೨೦೨೦ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ ೬ ನಿಯಮದ ವಾಹನಗಳಲ್ಲಿ ಇಂಧನ, ಹೊಗೆ, ಬ್ರೇಕು ಎಲ್ಲವನ್ನೂ ಇಲೆಕ್ಟ್ರಾನಿಕ್ ನಿಯಂತ್ರಣ ಘಟಕಗಳು ನೋಡಿಕೊಳ್ಳುತ್ತವೆ. ಇವುಗಳ ಅನೇಕ ಸಂವೇದಕಗಳು ಕೇವಲ ೫ ವೋಲ್ಟಿನಲ್ಲಿ ಕೆಲಸ ಮಾಡುತ್ತವೆ. ಬೆಸುಗೆಯ ಯಂತ್ರವಾದರೋ ಹತ್ತಾರು, ಕೆಲವೊಮ್ಮೆ ನೂರಕ್ಕೂ ಮಿಕ್ಕಿದ ಆಂಪಿಯರ್ ಪ್ರವಾಹವನ್ನು ಹರಿಸುತ್ತದೆ. ಕೈಗೂಸಿನ ಬಾಯಿಗೆ ಹೊಳೆಯನ್ನೇ ತಿರುಗಿಸಿದಂತೆ!

ಅಪಾಯದ ಮೂಲವನ್ನು ಪ್ರೌಢಶಾಲೆಯ ಭೌತಶಾಸ್ತ್ರವೇ ವಿವರಿಸಬಲ್ಲದು. ಯಂತ್ರದಿಂದ ಹೊರಟ ವಿದ್ಯುತ್ತು ಬೆಸುಗೆಯ ಸ್ಥಳವನ್ನು ಮುಟ್ಟಿ, ಅರ್ಥ್ ಕ್ಲಾಂಪಿನ ಮೂಲಕ ಯಂತ್ರಕ್ಕೇ ಹಿಂದಿರುಗಬೇಕು. ಸಮಾಂತರ ಜೋಡಣೆಯಲ್ಲಿ ಪ್ರವಾಹವು ಎಲ್ಲ ದಾರಿಗಳಲ್ಲಿಯೂ ಹಂಚಿಹೋಗುತ್ತದೆ. ರೋಧ ಕಡಿಮೆಯಿದ್ದಲ್ಲಿ ಹೆಚ್ಚು, ಹೆಚ್ಚಿದ್ದಲ್ಲಿ ಕಡಿಮೆ. ಕಾರಿನ ಇಡೀ ಉಕ್ಕಿನ ಒಡಲೇ ಅದರ ಬ್ಯಾಟರಿಯ ಋಣ ತಂತಿಯೂ ಆಗಿರುವುದರಿಂದ, ಹಿಂಬದಿಯಲ್ಲಿ ಬೆಸೆಯುತ್ತಾ ಕ್ಲಾಂಪನ್ನು ಮುಂಬದಿಯ ಇಂಜಿನಿಗೆ ಸಿಕ್ಕಿಸಿದರೆ, ಪ್ರವಾಹದ ಒಂದಂಶ ತೆಳು ತಂತಿಗಳು, ಬೇರಿಂಗುಗಳು ಮತ್ತು ನಿಯಂತ್ರಣ ಘಟಕಗಳ ಮೂಲಕವೂ ದಾರಿ ಹುಡುಕುತ್ತದೆ. ತುಕ್ಕು ಹಿಡಿದ ಜೋಡಣೆಗಳ ರೋಧ ಅಧಿಕವಾದ್ದರಿಂದ ಕರಾವಳಿಯ ವಾಹನಗಳಲ್ಲಿ ಈ ಅಪಾಯ ಇನ್ನಷ್ಟು ಹೆಚ್ಚು.

ಆದುದರಿಂದ ಮೊದಲ ನಿಯಮವಿದು: ಕ್ಲಾಂಪನ್ನು ಬೆಸೆಯುವ ತಗಡಿಗೇ, ಸಾಧ್ಯವಾದಷ್ಟು ಸಮೀಪದಲ್ಲಿ, ಬಣ್ಣ ಮತ್ತು ತುಕ್ಕನ್ನು ಕೆರೆದು ಹೊಳೆಯುವ ಲೋಹಕ್ಕೆ ಬಿಗಿಯಾಗಿ ಕಚ್ಚಿಸಬೇಕು. ಎರಡನೆಯದಾಗಿ ಬ್ಯಾಟರಿಯನ್ನು ಬೇರ್ಪಡಿಸಬೇಕು. ಮೊದಲು ಋಣ ತಂತಿ, ಅನಂತರ ಧನ ತಂತಿ. ಮರಳಿ ಜೋಡಿಸುವಾಗ ಇದರ ವಿಲೋಮ. ಧನ ತಂತಿಯನ್ನೇ ಮೊದಲು ಸಡಿಲಿಸಲು ಹೋದರೆ ಸ್ಪ್ಯಾನರು ಒಡಲಿಗೆ ತಾಗಿ ಬ್ಯಾಟರಿ ಶಾರ್ಟ್ ಆಗುವ ಸಂಭವವುಂಟು. ಮೂರನೆಯದಾಗಿ ಆಲ್ಟರ್ನೇಟರು ಮತ್ತು ನಿಯಂತ್ರಣ ಘಟಕಗಳ ಜೋಡಣೆಗಳನ್ನು ಕಳಚಬೇಕು. ಬೆಸುಗೆಯ ಕೇಬಲ್ಲುಗಳನ್ನು ಕಾರಿನ ತಂತಿಗಳ ಮೇಲೆ ಹಾಯಿಸಬಾರದು.

“ಕೀಲಿ ತಿರುಗಿಸಿ ನಿಲ್ಲಿಸಿದ್ದೇವೆ, ಸಾಕು” ಎನ್ನುವವರುಂಟು. ಕೀಲಿಯು ಬ್ಯಾಟರಿಯ ವಿದ್ಯುತ್ತನ್ನು ತಡೆಯಬಹುದೇ ಹೊರತು, ಒಡಲಿನಲ್ಲಿ ಹರಿಯುವ ಬೆಸುಗೆಯ ಪ್ರವಾಹವನ್ನು ತಡೆಯಲಾರದು. ೨೦೧೯ರ ಜುಲೈ ೧ರಿಂದ ಹೊಸ ಕಾರುಗಳಲ್ಲಿ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಗಿದೆ. ಅಡ್ಡದಾರಿ ಹಿಡಿದ ಪ್ರವಾಹವು ಅದನ್ನು ಹಠಾತ್ತನೆ ಸಿಡಿಸಬಹುದು. ಬ್ಯಾಟರಿಯನ್ನು ಬೇರ್ಪಡಿಸಿದ ಮೇಲೂ ಈ ವ್ಯವಸ್ಥೆಯಲ್ಲಿ ಸ್ವಲ್ಪ ಕಾಲ ವಿದ್ಯುತ್ತು ಸಂಗ್ರಹವಾಗಿರುತ್ತದೆ. ವಾಹನದ ಕೈಪಿಡಿ ಹೇಳುವಷ್ಟು ಹೊತ್ತು ಕಾದು, ಬಳಿಕವೇ ಕೈಹಾಕಬೇಕು. ವಿದ್ಯುತ್ ಚಾಲಿತ ಹಾಗೂ ಹೈಬ್ರಿಡ್ ವಾಹನಗಳ ಕೆಲಸವನ್ನು ತರಬೇತಿ ಪಡೆದವರಿಗೇ ಬಿಡುವುದು ವಿವೇಕ.

ತಗಡಿನ ಹಿಂಬದಿಯಲ್ಲಿ ಅಡಗಿದ ತಂತಿಗಳನ್ನೂ ನೆಲಹಾಸನ್ನೂ ಸರಿಸಿ, ಇಂಧನದ ಕೊಳವೆಗಳ ಜಾಡು ನೋಡಿಕೊಂಡು, ಬೆಂಕಿ ಆರಿಸುವ ಸಾಧನವನ್ನು ಬಳಿಯಲ್ಲಿರಿಸಿಕೊಂಡೇ ಕೆಲಸಕ್ಕೆ ತೊಡಗಬೇಕು. ಕೆಲಸ ಮುಗಿದ ಮೇಲೆ ಬೆಸೆದ ಜಾಗಕ್ಕೆ ಒಳಗೂ ಹೊರಗೂ ತುಕ್ಕುನಿರೋಧಕ ಬಣ್ಣ ಬಳಿಯದಿದ್ದರೆ, ಮುಂದಿನ ಮಳೆಗಾಲ ಅದೇ ಭಾಗವನ್ನು ಮತ್ತೆ ತಿನ್ನತೊಡಗುತ್ತದೆ.

ವಿದ್ಯಾಸಂಸ್ಥೆಗಳಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ದಾನಿಗಳ ಔದಾರ್ಯದಿಂದ ದೊರೆತ ಶಾಲಾ ವಾಹನವು ನೂರಾರು ಮಕ್ಕಳ ಹೊಣೆ ಹೊರುತ್ತದೆ. ಬೆಸುಗೆಯ ದಿನ ಸರಿಯಾಗಿದ್ದಂತೆ ಕಂಡ ಉಪಕರಣವು ತಿಂಗಳುಗಳ ಅನಂತರ, ಮಕ್ಕಳು ಕುಳಿತಿರುವಾಗ, ನಡುದಾರಿಯಲ್ಲಿ ಕೈಕೊಡಬಹುದು. ಸಿದ್ಧತೆಗೆ ಹಿಡಿಯುವ ಸಮಯ ಅಲ್ಪ. ತಪ್ಪುವ ನಷ್ಟ ಅಪಾರ. ಬಸವಾದಿ ಶರಣರು ಕಾಯಕಕ್ಕೆ ಕೊಟ್ಟ ಘನತೆಯು ಪಾಠಶಾಲೆಗೆ ಹೇಗೋ ಗ್ಯಾರೇಜಿಗೂ ಹಾಗೆಯೇ ಸಲ್ಲುತ್ತದೆ. ತಿಳಿದು ಮಾಡುವ ಕೆಲಸಗಾರನನ್ನು ಅವಸರಪಡಿಸದೆ ಗೌರವಿಸುವುದು ವಾಹನದ ಒಡೆಯರ ಕರ್ತವ್ಯವೂ ಆಗಿದೆ.