ಥೈರಾಯ್ಡ್ ಶಸ್ತ್ರಚಿಕಿತ್ಸೆ ಮತ್ತು ನಿಮ್ಮ ಧ್ವನಿ

ಥೈರಾಯ್ಡ್ ಗಡ್ಡೆಗೆ ಆಪರೇಷನ್ ಆಗಬೇಕೆಂದು ವೈದ್ಯರು ಹೇಳಿದಾಗ ಬಹಳ ಜನರಿಗೆ ಬರುವ ಭಯ ಒಂದೇ: "ನನ್ನ ಧ್ವನಿ ಹೋಗುತ್ತದೆಯೇ?" ಶಹಾಬಾದದ ಶಾಲೆಯಲ್ಲಿ ಪಾಠ ಹೇಳುವವರಿಗೆ, ಸಂತೆಯಲ್ಲಿ ಕೂಗಿ ಮಾರುವವರಿಗೆ, ಕಲ್ಲಿನ ಗಣಿಯ ಸದ್ದಿನಲ್ಲಿ ಕೆಲಸ ಮಾಡುವವರಿಗೆ ಧ್ವನಿಯೇ ಅನ್ನದ ದಾರಿ. ಆದ್ದರಿಂದ ಈ ಪ್ರಶ್ನೆ ಕೇಳಲು ಸಂಕೋಚ ಬೇಡ.

ಧ್ವನಿಯ ನರ ಎಲ್ಲಿದೆ?

ಥೈರಾಯ್ಡ್ ಗ್ರಂಥಿಯು ಕತ್ತಿನಲ್ಲಿ ಶ್ವಾಸನಾಳದ ಮುಂದೆ ಚಿಟ್ಟೆಯ ಆಕಾರದಲ್ಲಿದೆ. ಅದರ ಹಿಂಬದಿಯಲ್ಲಿ ಎಡಕ್ಕೊಂದು, ಬಲಕ್ಕೊಂದು ತೆಳುವಾದ ನರ ಹಾದುಹೋಗುತ್ತದೆ. ಆಯಾ ಬದಿಯ ಧ್ವನಿತಂತುವನ್ನು ಆಡಿಸುವುದು ಈ ನರ. ಗ್ರಂಥಿಯ ಮೇಲ್ತುದಿಯ ಬಳಿ ಇರುವ ಇನ್ನೊಂದು ಸಣ್ಣ ನರ ಏರುಸ್ವರಕ್ಕೆ ಬೇಕು. ಹಾಡುವವರು ತಾವು ಹಾಡುತ್ತೇವೆಂದು ವೈದ್ಯರಿಗೆ ಮೊದಲೇ ತಿಳಿಸಬೇಕು.

ನರ ತುಂಡಾಗುವುದು ಅಪರೂಪ. ಎಳೆತ ಅಥವಾ ಶಾಖದಿಂದ ಅದು ಕೆಲಕಾಲ ಸುಮ್ಮನಾಗುವುದೇ ಹೆಚ್ಚು. ಸಾಮಾನ್ಯ ಲೆಕ್ಕದಲ್ಲಿ 100 ಜನರಲ್ಲಿ 5ರಿಂದ 10 ಜನರಿಗೆ ತಾತ್ಕಾಲಿಕ ತೊಂದರೆ, 1ರಿಂದ 2 ಜನರಿಗೆ ಶಾಶ್ವತ ತೊಂದರೆ ಆಗಬಹುದು. ಕ್ಯಾನ್ಸರ್ ಇದ್ದರೆ ಅಥವಾ ಎರಡನೇ ಸಲ ಆಪರೇಷನ್ ಆದರೆ ಅಪಾಯ ಹೆಚ್ಚು.

ನರದ ಮೇಲೆ ನಿಗಾ ಇಡುವ ಯಂತ್ರ

ಅರಿವಳಿಕೆಗಾಗಿ ಗಂಟಲಲ್ಲಿ ಇಡುವ ನಳಿಕೆಯ ಮೇಲೆ ವಿದ್ಯುತ್ ಸಂವೇದಕಗಳಿರುತ್ತವೆ. ಅವು ಧ್ವನಿತಂತುಗಳಿಗೆ ತಾಗಿರುತ್ತವೆ. ವೈದ್ಯರು ನರವನ್ನು ಅತಿ ಸಣ್ಣ ವಿದ್ಯುತ್ತಿನಿಂದ ಮುಟ್ಟಿದಾಗ ಧ್ವನಿತಂತು ಮಿಡಿಯುತ್ತದೆ. ಯಂತ್ರ ಸದ್ದು ಮಾಡುತ್ತದೆ, ಪರದೆಯಲ್ಲಿ ಗೆರೆ ಮೂಡುತ್ತದೆ. ನಿಮಗೆ ಇದರ ಅರಿವಾಗದು.

ಈ ಯಂತ್ರ ಸಹಾಯಕ ಮಾತ್ರ, ಖಾತ್ರಿಯಲ್ಲ. ನರವನ್ನು ಕಣ್ಣಾರೆ ಗುರುತಿಸಿ ಕಾಪಾಡುವುದೇ ಮುಖ್ಯ. 1938ರಲ್ಲಿ ಅಮೆರಿಕದ ಶಸ್ತ್ರವೈದ್ಯ ಫ್ರಾಂಕ್ ಲೇಹಿ ತೋರಿಸಿದ ಈ ದಾರಿ ಇಂದಿಗೂ ನಡೆದಿದೆ. ಎಲ್ಲ ಆಸ್ಪತ್ರೆಗಳಲ್ಲಿ ಯಂತ್ರ ಇರುವುದಿಲ್ಲ. ಅದಿಲ್ಲದೆಯೂ ನುರಿತ ವೈದ್ಯರು ಸುರಕ್ಷಿತವಾಗಿ ಆಪರೇಷನ್ ಮಾಡುತ್ತಾರೆ.

ಅರ್ಧಕ್ಕೆ ನಿಲ್ಲಿಸಿದರೆ ಗಾಬರಿ ಬೇಡ

ಯಂತ್ರದ ದೊಡ್ಡ ಉಪಯೋಗ ಇಲ್ಲಿದೆ. ಒಂದು ಬದಿಯ ನರದ ಸಂಕೇತ ನಿಂತರೆ ವೈದ್ಯರು ಇನ್ನೊಂದು ಬದಿಯನ್ನು ಮುಂದೂಡಬಹುದು. ಒಂದು ನರ ಸೋತರೆ ಧ್ವನಿ ಒಡೆಯುತ್ತದೆ. ಎರಡೂ ಸೋತರೆ ಉಸಿರಾಟದ ದಾರಿಯೇ ಮುಚ್ಚಿ, ಕತ್ತಿನಲ್ಲಿ ರಂಧ್ರ ಮಾಡಬೇಕಾಗಬಹುದು. "ಆಪರೇಷನ್ ಪೂರ್ತಿ ಆಗಲಿಲ್ಲ" ಎಂದು ಮನೆಯವರು ಬೇಸರಪಡಬಾರದು. ಅದು ಜಾಣ ನಿರ್ಧಾರ.

ಮೊದಲು ಹೀಗೆ ಮಾಡಿ

* ಧ್ವನಿತಂತುಗಳನ್ನು ದುರ್ಬೀನಿನಿಂದ ಪರೀಕ್ಷಿಸುವರೇ ಎಂದು ಕೇಳಿ. ಧ್ವನಿ ಚೆನ್ನಾಗಿದ್ದರೂ ಒಂದು ತಂತು ಸೋತಿರಬಹುದು.
* ನರ ನಿಗಾ ಯಂತ್ರ ಇದೆಯೇ, ನಿಮಗೆ ಅದು ಬೇಕೇ ಎಂದು ವಿಚಾರಿಸಿ.
* ಹಿಂದೆ ಕತ್ತಿನ ಆಪರೇಷನ್ ಆಗಿದ್ದರೆ ಮುಚ್ಚಿಡದೆ ಹೇಳಿ.

ನಂತರ ಗಮನಿಸಿ

* ನಳಿಕೆಯಿಂದಾಗಿ ಕೆಲವು ದಿನ ಧ್ವನಿ ಗೊಗ್ಗರಾಗುವುದು ಸಹಜ. ಕೂಗಬೇಡಿ, ಪಿಸುಗುಟ್ಟಲೂ ಬೇಡಿ, ಮೆಲ್ಲಗೆ ಮಾತಾಡಿ.
* ಕತ್ತು ಊದಿದರೆ, ಉಸಿರಾಡುವಾಗ ಸದ್ದು ಬಂದರೆ ತಡಮಾಡದೆ ದಾದಿಯರನ್ನು ಕರೆಯಿರಿ. ಮನೆಯಲ್ಲಿದ್ದರೆ 108ಕ್ಕೆ ಫೋನ್ ಮಾಡಿ.
* ನೀರು ಕುಡಿದಾಗ ಕೆಮ್ಮು ಬಂದರೆ ಅಥವಾ ಎರಡು ವಾರ ಕಳೆದರೂ ಧ್ವನಿ ಸರಿಯಾಗದಿದ್ದರೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ.

ಸುಮ್ಮನಾದ ನರ ಹಲವರಲ್ಲಿ 6ರಿಂದ 12 ತಿಂಗಳೊಳಗೆ ಚೇತರಿಸಿಕೊಳ್ಳುತ್ತದೆ. ಅಲ್ಲಿಯವರೆಗೆ ಧ್ವನಿ ವ್ಯಾಯಾಮ ನೆರವಾಗುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಚಿಕಿತ್ಸೆ ದೊರೆಯುತ್ತದೆ. ಚೇತರಿಸದಿದ್ದರೂ ಧ್ವನಿತಂತುವನ್ನು ಸರಿಸಿ ಧ್ವನಿ ಸುಧಾರಿಸುವ ಚಿಕಿತ್ಸೆಗಳಿವೆ. ಭಯದಿಂದ ಗಡ್ಡೆಯನ್ನು ಬೆಳೆಯಲು ಬಿಡಬೇಡಿ. ಕೇಳಿ ತಿಳಿದುಕೊಂಡು, ಧೈರ್ಯವಾಗಿ ಚಿಕಿತ್ಸೆ ಪಡೆಯಿರಿ.