ಟರ್ಬೋ ಮೋಟಾರಿಗೆ ತಕ್ಕ ಕ್ಲಚ್ಚು, ತಕ್ಕ ಚಕ್ರ

ಮೋಟಾರು ಕಾರೊಂದು ನಾಲ್ಕನೆಯ ಗೇರಿನಲ್ಲಿ ಏರುದಾರಿಯನ್ನು ಹತ್ತುತ್ತಿದೆ. ಚಾಲಕನು ಆಕ್ಸಿಲರೇಟರನ್ನು ಪೂರ್ತಿಯಾಗಿ ಒತ್ತುತ್ತಾನೆ. ಎಂಜಿನ್ನಿನ ಸದ್ದು ಒಮ್ಮೆಗೇ ಮೇಲೇರುತ್ತದೆ. ಸುತ್ತುಗಳನ್ನು ತೋರಿಸುವ ಮುಳ್ಳು ಮೂರು ಸಾವಿರದಿಂದ ನಾಲ್ಕು ಸಾವಿರಕ್ಕೆ ಹಾರುತ್ತದೆ. ಆದರೆ ಗಾಡಿಯ ವೇಗವನ್ನು ತೋರಿಸುವ ಮುಳ್ಳು ಇದ್ದಲ್ಲಿಯೇ ಇರುತ್ತದೆ. ಸ್ವಲ್ಪ ಹೊತ್ತಿನಲ್ಲಿ ಏನೋ ಸುಟ್ಟ ವಾಸನೆಯೂ ಬರುತ್ತದೆ. ಎಂಜಿನ್ನು ಶಕ್ತಿಯನ್ನು ಉತ್ಪಾದಿಸುತ್ತಿದೆ. ಗಾಲಿಗಳಿಗೆ ಅದು ತಲಪುತ್ತಿಲ್ಲ. ನಡುವೆ ಇರುವ ಕ್ಲಚ್ಚು ಜಾರುತ್ತಿದೆ. ಟರ್ಬೋ ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸಿಕೊಂಡ ಅನೇಕರಿಗೆ ಮೊದಲು ಎದುರಾಗುವ ತೊಂದರೆ ಇದೇ. ಆಮೇಲೆ ಅವರು ಯಾವ ಕ್ಲಚ್ಚನ್ನು ಕೊಳ್ಳಬೇಕೆಂದು ಅಂಗಡಿಗಳಲ್ಲಿ ವಿಚಾರಿಸತೊಡಗುತ್ತಾರೆ. ಈ ಪ್ರಶ್ನೆಗೆ ಉತ್ತರವು ಅಂಗಡಿಯಲ್ಲಿರುವುದಕ್ಕಿಂತ ಹೆಚ್ಚಾಗಿ ನಮ್ಮ ಭೌತಶಾಸ್ತ್ರದ ಪಠ್ಯಪುಸ್ತಕದಲ್ಲಿಯೇ ಇದೆಯೆಂಬುದನ್ನು ಇಲ್ಲಿ ತೋರಿಸಬಯಸುತ್ತೇವೆ.

ಉದಾಹರಣೆಗೆ ಒಂದು ಎಂಜಿನ್ನನ್ನು ತೆಗೆದುಕೊಳ್ಳೋಣ. ಫೋಕ್ಸ್‌ವಾಗನ್ ಬಳಗದ ೧.೮ ಲೀಟರಿನ, ೨೦ ಕವಾಟಗಳ ಟರ್ಬೋ ಎಂಜಿನ್ನು ೧೯೯೦ರ ದಶಕದ ನಡುವಿನಿಂದ ಗಾಲ್ಫ್, ಔಡಿ, ಸ್ಕೋಡಾ ಮುಂತಾದ ಅನೇಕ ಕಾರುಗಳಲ್ಲಿ ಬಂದಿತು. ೧೫೦ ಅಶ್ವಶಕ್ತಿಯ ಅದರ ರೂಪವು ಭಾರತಕ್ಕೂ ಆಕ್ಟೇವಿಯಾ ಆರ್‌ಎಸ್ ಕಾರಿನಲ್ಲಿ ಬಂದುದನ್ನು ಕೆಲವು ವಾಚಕರು ಬಲ್ಲರು. ಎಂಜಿನಿಯರರು ಟಾರ್ಕ್ ಎಂದು ಕರೆಯುವ ತಿರುಗುಬಲವು ಇದರಲ್ಲಿ ೨೧೦ ನ್ಯೂಟನ್-ಮೀಟರ್. ಗಮನಿಸಬೇಕಾದುದು ಈ ಸಂಖ್ಯೆಯನ್ನಲ್ಲ, ಅದು ದೊರೆಯುವ ರೀತಿಯನ್ನು. ಟರ್ಬೋ ಇಲ್ಲದ ಎಂಜಿನ್ನಿನಲ್ಲಿ ತಿರುಗುಬಲವು ಸುತ್ತು ಹೆಚ್ಚಿದಂತೆಲ್ಲ ನಿಧಾನವಾಗಿ ಏರಿ, ಒಂದು ಶಿಖರವನ್ನು ಮುಟ್ಟಿ ಇಳಿಯುತ್ತದೆ. ಈ ಎಂಜಿನ್ನಿನಲ್ಲಾದರೋ ನಿಮಿಷಕ್ಕೆ ೧,೭೫೦ ಸುತ್ತುಗಳಲ್ಲಿಯೇ ಪೂರ್ಣ ಬಲವು ಬಂದು, ಸುಮಾರು ೪,೬೦೦ರವರೆಗೆ ಮೇಜಿನ ಮೇಲ್ಭಾಗದಂತೆ ಸಮನಾಗಿ ನಿಲ್ಲುತ್ತದೆ. ಎಂಜಿನ್ನನ್ನು ಆಳುವ ಗಣಕದ ಲೆಕ್ಕಗಳನ್ನು ತಿದ್ದಿ, ಟರ್ಬೋ ಒತ್ತುವ ಗಾಳಿಯನ್ನು ಹೆಚ್ಚಿಸಿದರೆ ೩೦೦ ನ್ಯೂಟನ್-ಮೀಟರಿನವರೆಗೂ ಹೋಗಬಹುದು. ಕ್ಲಚ್ಚಿಗೆ ಅಶ್ವಶಕ್ತಿಯ ಪರಿವೆಯಿಲ್ಲ. ಅದಕ್ಕೆ ತಿಳಿಯುವುದು ತಿರುಗುಬಲವೊಂದೇ. ಆದುದರಿಂದಲೇ ಟರ್ಬೋ ಕಾರಿನ ಕ್ಲಚ್ಚು ಓಟದ ತುತ್ತತುದಿಯಲ್ಲಿ ಜಾರುವುದಕ್ಕಿಂತ ಮೊದಲು, ಮೇಲೆ ಹೇಳಿದಂತೆ, ನಡುವಿನ ವೇಗದಲ್ಲಿ ದೊಡ್ಡ ಗೇರಿನಲ್ಲಿ ಜಾರುತ್ತದೆ.

ಕ್ಲಚ್ಚಿನ ರಚನೆ ಸರಳವಾದುದು. ಎಂಜಿನ್ನಿನ ಕೊನೆಗೆ ಬಿಗಿದ ಭಾರವಾದ ಚಕ್ರ, ಅಂದರೆ ಫ್ಲೈವೀಲು, ಒಂದು ಕಡೆ. ಸ್ಪ್ರಿಂಗಿನಿಂದ ಒತ್ತಲ್ಪಡುವ ಪ್ರೆಶರ್ ಪ್ಲೇಟು ಇನ್ನೊಂದು ಕಡೆ. ಇವೆರಡರ ನಡುವೆ ಗೇರುಪೆಟ್ಟಿಗೆಯ ದಂಡಕ್ಕೆ ಸೇರಿದ ಕ್ಲಚ್ ಪ್ಲೇಟು. ಎರಡು ಅಂಗೈಗಳ ನಡುವೆ ರೊಟ್ಟಿಯೊಂದನ್ನು ಅದುಮಿ ಹಿಡಿದಂತೆ ಎಂದು ಭಾವಿಸಬಹುದು. ಈ ಹಿಡಿತವು ತಾಳಿಕೊಳ್ಳಬಲ್ಲ ತಿರುಗುಬಲವು ನಾಲ್ಕು ಸಂಖ್ಯೆಗಳ ಗುಣಲಬ್ಧ: ಉಜ್ಜುವ ಮುಖಗಳ ಸಂಖ್ಯೆ, ಘರ್ಷಣಾಂಕ, ಒತ್ತುವ ಬಲ, ಮತ್ತು ಉಜ್ಜುವ ಪಟ್ಟಿಯ ಸರಾಸರಿ ತ್ರಿಜ್ಯ.

ಈಗ ಲೆಕ್ಕ ಹಾಕೋಣ. ಕ್ಲಚ್ ಪ್ಲೇಟಿನ ಹೊರವ್ಯಾಸವು ೨೨೮ ಮಿಲಿಮೀಟರ್, ಸರಾಸರಿ ತ್ರಿಜ್ಯವು ಸುಮಾರು ೯.೫ ಸೆಂಟಿಮೀಟರ್, ಘರ್ಷಣಾಂಕ ೦.೩, ಒತ್ತುವ ಬಲ ೫,೦೦೦ ನ್ಯೂಟನ್, ಎಂದರೆ ಐದು ಕ್ವಿಂಟಾಲಿಗಿಂತ ತುಸು ಹೆಚ್ಚಿನ ಭಾರ ಎಂದಿಟ್ಟುಕೊಳ್ಳಿ. ಪ್ಲೇಟಿಗೆ ಎರಡು ಮುಖಗಳು. ಗುಣಿಸಿದರೆ ೨೮೫ ನ್ಯೂಟನ್-ಮೀಟರ್ ಆಗುತ್ತದೆ. ಮೂಲ ಎಂಜಿನ್ನಿನ ೨೧೦ಕ್ಕೆ ಇದು ಧಾರಾಳ, ೩೦೦ಕ್ಕೆ ಸಾಲದು. ಬಿಸಿಯೇರಿದಾಗ ಘರ್ಷಣಾಂಕವು ಕುಗ್ಗುವುದರಿಂದ ಕಾಲುಪಾಲಾದರೂ ಹೆಚ್ಚುವರಿ ಇಡುವುದು ವಿವೇಕ. ಹಾಗಾದರೆ ನಮಗೆ ಬೇಕಾದುದು ೩೭೫. ಗಳಿಸುವ ದಾರಿಗಳು ಮೂರೇ. ಒತ್ತುವ ಬಲವನ್ನು ೬,೬೦೦ ನ್ಯೂಟನ್ನಿಗೆ ಏರಿಸಬೇಕು. ಇಲ್ಲವೆ ಘರ್ಷಣಾಂಕವನ್ನು ೦.೪ಕ್ಕೆ ಏರಿಸಬೇಕು; ಇಲ್ಲವೆ ಎರಡು ಪ್ಲೇಟುಗಳನ್ನಿಟ್ಟು ಮುಖಗಳನ್ನು ನಾಲ್ಕು ಮಾಡಬೇಕು. ತ್ರಿಜ್ಯವನ್ನು ಹೆಚ್ಚಿಸೋಣವೆಂದರೆ ಗೇರುಪೆಟ್ಟಿಗೆಯ ಕವಚದಲ್ಲಿ ಜಾಗವಿಲ್ಲ. ಮಾರಾಟಗಾರರು ಒಂದನೆಯ ಹಂತ, ಎರಡನೆಯ ಹಂತ ಎಂದು ಏನೇ ಹೆಸರಿಡಲಿ, ಎಲ್ಲವೂ ಈ ಮೂರರಲ್ಲಿ ಒಂದೋ ಎರಡೋ ಸೇರಿದ ಮಿಶ್ರಣಗಳೇ.

ಒತ್ತುವ ಬಲವನ್ನು ಹೆಚ್ಚಿಸಿದರೆ ಎಡಗಾಲು ಅದರ ಬೆಲೆಯನ್ನು ತೆರಬೇಕು, ಪೆಡಲು ಬಿಗಿಯಾಗುತ್ತದೆ. ಪೆಡಲನ್ನು ಒತ್ತಿದಷ್ಟು ಹೊತ್ತೂ ಆ ಬಲವು ಎಂಜಿನ್ನಿನ ಕ್ರ್ಯಾಂಕ್ ದಂಡವನ್ನು ಉದ್ದಕ್ಕೆ ತಳ್ಳುತ್ತಿರುತ್ತದೆಂಬುದನ್ನು ಮರೆಯುವವರೇ ಹೆಚ್ಚು. ಸಂದಣಿಯಲ್ಲಿ ಪೆಡಲು ತುಳಿದುಕೊಂಡು ನಿಲ್ಲುವುದಕ್ಕಿಂತ ಗೇರು ತೆಗೆದು ಕಾಲನ್ನು ಎತ್ತಿಕೊಳ್ಳುವುದು ಒಳ್ಳೆಯದೆನ್ನುವುದು ಇದಕ್ಕಾಗಿಯೇ.

ಘರ್ಷಣಾಂಕವನ್ನು ಹೆಚ್ಚಿಸುವ ದಾರಿಯಲ್ಲಿ ಬೇರೊಂದು ತೊಡಕಿದೆ. ಸಾಮಾನ್ಯ ಪ್ಲೇಟಿನ ಹೊದಿಕೆಯು ನಾರುಗಳನ್ನು ರಾಳದಲ್ಲಿ ಹುದುಗಿಸಿ ಮಾಡಿದುದು. (ಹಿಂದೆ ಆ ನಾರು ಕಲ್ನಾರಾಗಿತ್ತು, ಶ್ವಾಸಕೋಶಕ್ಕೆ ಅದು ವಿಷವೆಂದು ತಿಳಿದ ಬಳಿಕ ಅದನ್ನು ಕೈಬಿಡಲಾಯಿತು.) ಇದು ಮೆತ್ತಗೆ ಹಿಡಿಯುತ್ತದೆ, ಗಾಡಿ ನಯವಾಗಿ ಹೊರಡುತ್ತದೆ. ಲೋಹದ ಪುಡಿಯನ್ನೂ ಪಿಂಗಾಣಿಯಂಥ ವಸ್ತುಗಳನ್ನೂ ಕಾಯಿಸಿ ಒತ್ತಿ ಮಾಡಿದ ಬಿಲ್ಲೆಗಳುಳ್ಳ ಪ್ಲೇಟು ಹೆಚ್ಚು ಶಾಖವನ್ನು ಸಹಿಸುತ್ತದೆ, ಗಟ್ಟಿಯಾಗಿಯೂ ಹಿಡಿಯುತ್ತದೆ. ಆದರೆ ಅದಕ್ಕೆ ಹಿಡಿಯುವುದು ಇಲ್ಲವೆ ಬಿಡುವುದು ಮಾತ್ರ ಗೊತ್ತು, ಅರೆಹಿಡಿತವೆಂಬುದು ಗೊತ್ತಿಲ್ಲ. ನಮ್ಮ ಪರಿಚಿತರೊಬ್ಬರು ಇಂಥದೊಂದನ್ನು ಹಾಕಿಸಿಕೊಂಡು, ದೀಪಸ್ತಂಭದ ಬಳಿ ಪ್ರತಿಸಲವೂ ಕಪ್ಪೆಯಂತೆ ಕುಪ್ಪಳಿಸಿ ಹೊರಡುವ ಕಾರಿನಲ್ಲಿ ಮೂರು ತಿಂಗಳು ಕಛೇರಿಗೆ ಹೋಗಿ, ಕೊನೆಗೆ ಮತ್ತೆ ಹಣ ತೆತ್ತು ತೆಗೆಸಿದರು. ಪಂದ್ಯದ ಗಾಡಿ ಒಮ್ಮೆ ಹೊರಟರೆ ಮುಗಿಯಿತು. ಊರಿನ ಗಾಡಿ ದಿನಕ್ಕೆ ನೂರು ಸಲ ಹೊರಡಬೇಕು.

ಈ ಹೊರಡುವಿಕೆಯಲ್ಲಿಯೇ ಕ್ಲಚ್ಚಿನ ಆಯುಸ್ಸು ಅಡಗಿದೆ. ಎಂಜಿನ್ನನ್ನು ಒಂದೇ ವೇಗದಲ್ಲಿಟ್ಟು ನಿಂತ ಕಾರನ್ನು ಹೊರಡಿಸಿದಾಗ, ಕಾರು ಗಳಿಸಿದ ಚಲನಶಕ್ತಿ ಎಷ್ಟೋ ಅಷ್ಟೇ ಶಕ್ತಿಯು ಕ್ಲಚ್ಚಿನಲ್ಲಿ ಶಾಖವಾಗಿ ಹೋಗುತ್ತದೆ. ರಸ್ತೆಯ ತಡೆಯನ್ನು ಬಿಟ್ಟರೆ, ನಿಧಾನವಾಗಿ ಬಿಟ್ಟರೂ ಅಷ್ಟೇ, ಬೇಗ ಬಿಟ್ಟರೂ ಅಷ್ಟೇ. ಕಾಲೇಜಿನ ವಿದ್ಯಾರ್ಥಿಗಳು ಇದನ್ನು ತಾವೇ ಸಾಧಿಸಿ ನೋಡಬಹುದು. ನಮ್ಮ ಕಾರಿನ ಭಾರ ೧,೩೦೦ ಕಿಲೋಗ್ರಾಂ, ಒಂದನೆಯ ಗೇರಿನಲ್ಲಿ ಎಂಜಿನ್ನು ೧೩ ಸುತ್ತು ತಿರುಗಿದರೆ ಗಾಲಿ ಒಂದು ಸುತ್ತು ತಿರುಗುತ್ತದೆ, ಗಾಲಿಯ ತ್ರಿಜ್ಯ ೩೧ ಸೆಂಟಿಮೀಟರ್ ಎನ್ನೋಣ. ಎಂಜಿನ್ನು ೧,೫೦೦ ಸುತ್ತಿನಲ್ಲಿದ್ದರೆ ಕ್ಲಚ್ಚು ಪೂರ್ತಿ ಹಿಡಿದಾಗ ಕಾರಿನ ವೇಗವು ಸೆಕೆಂಡಿಗೆ ೩.೭ ಮೀಟರ್, ಶಾಖವು ಸುಮಾರು ೯,೦೦೦ ಜೂಲ್. ೩,೦೦೦ ಸುತ್ತಿನಲ್ಲಿ ಹೊರಡಿಸಿದರೆ ವೇಗವು ಇಮ್ಮಡಿ, ಶಾಖವು ನಾಲ್ಮಡಿ: ೩೬,೦೦೦ ಜೂಲ್. ಟರ್ಬೋ ಎಚ್ಚರಗೊಳ್ಳಲೆಂದು ಸುತ್ತು ಏರಿಸಿ ಕ್ಲಚ್ಚು ಬಿಡುವ ಚಾಳಿಯು ಯಾವ ಪ್ಲೇಟನ್ನಾದರೂ ಬೇಗ ತಿಂದುಹಾಕುವುದು ಹೀಗೆ. ಏರಿನಲ್ಲಿ ಬ್ರೇಕನ್ನು ಬಳಸದೆ ಅರೆ ಕ್ಲಚ್ಚಿನಲ್ಲಿ ಗಾಡಿಯನ್ನು ನಿಲ್ಲಿಸಿಕೊಳ್ಳುವವರ ವಿಷಯದಲ್ಲಿ ಲೆಕ್ಕಕ್ಕೆ ಮಿತಿಯೇ ಇಲ್ಲ.

ಈ ಶಾಖವನ್ನು ಕುಡಿಯುವವು ಪ್ರೆಶರ್ ಪ್ಲೇಟು ಮತ್ತು ಫ್ಲೈವೀಲು. ಆದುದರಿಂದ ಫ್ಲೈವೀಲಿನ ಭಾರವನ್ನು ಕಡಮೆ ಮಾಡಿದರೆ ಶಾಖದ ಉಗ್ರಾಣವೂ ಕಿರಿದಾಗುತ್ತದೆ. ಆದರೂ ಹಗುರ ಫ್ಲೈವೀಲಿನ ಮೋಹ ತರುಣರಲ್ಲಿ ಬಹಳ. ಅದರಿಂದ ಲಾಭವೇನೆಂಬುದನ್ನು ನೋಡೋಣ. ಕುಂಬಾರನ ತಿಗರಿಯಂತೆ ಫ್ಲೈವೀಲು ಒಮ್ಮೆ ಪಡೆದ ಚಲನೆಯನ್ನು ಕೂಡಿಟ್ಟುಕೊಳ್ಳುತ್ತದೆ. ಸಿಲಿಂಡರುಗಳಲ್ಲಿ ಬಿಟ್ಟುಬಿಟ್ಟು ಆಗುವ ಸ್ಫೋಟಗಳ ನಡುವಿನ ಬಿಡುವನ್ನು ತುಂಬುತ್ತದೆ. ೮ ಕಿಲೋಗ್ರಾಮಿನ ಚಕ್ರದ ಜಡತ್ವ ಭ್ರಾಮಕವು ಸುಮಾರು ೦.೦೮ ಘಟಕ, ೪ ಕಿಲೋಗ್ರಾಮಿನದು ೦.೦೪ ಎಂದುಕೊಳ್ಳಿ. ಉಳಿಸಿದ ೦.೦೪ನ್ನು ಕಾರಿನ ಭಾರಕ್ಕೆ ಪರಿವರ್ತಿಸಲು ಗೇರಿನ ಅನುಪಾತವನ್ನು ಗಾಲಿಯ ತ್ರಿಜ್ಯದಿಂದ ಭಾಗಿಸಿ, ಬಂದುದರ ವರ್ಗದಿಂದ ಗುಣಿಸಬೇಕು. ಒಂದನೆಯ ಗೇರಿನಲ್ಲಿ ೭೦ ಕಿಲೋಗ್ರಾಂ ಬರುತ್ತದೆ: ಒಬ್ಬ ಪ್ರಯಾಣಿಕ ಇಳಿದುಹೋದಂತೆ! ಆದರೆ ಅನುಪಾತ ಮೂರರಷ್ಟಿರುವ ಐದನೆಯ ಗೇರಿನಲ್ಲಿ ಅದು ೪ ಕಿಲೋಗ್ರಾಮನ್ನೂ ಮುಟ್ಟುವುದಿಲ್ಲ. ಟರ್ಬೋ ಕಾರು ತನ್ನ ಬಲವನ್ನು ಮೆರೆಸುವುದು ಮೂರು, ನಾಲ್ಕನೆಯ ಗೇರುಗಳಲ್ಲಿ. ಅಲ್ಲಿ ಈ ಲಾಭ ಅತ್ಯಲ್ಪ. ನಷ್ಟವಾದರೋ ಪ್ರತಿದಿನದ್ದು: ನಿಂತಾಗ ಎಂಜಿನ್ನು ನಡುಗುತ್ತದೆ, ಹೊರಡುವಾಗ ಸ್ವಲ್ಪ ಎಚ್ಚರ ತಪ್ಪಿದರೆ ಆರಿಹೋಗುತ್ತದೆ.

ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಈ ಎಂಜಿನ್ನಿನ ಅನೇಕ ಕಾರುಗಳಲ್ಲಿ ಕಾರ್ಖಾನೆಯಿಂದಲೇ ಬರುವುದು ಜೋಡಿಚಕ್ರ. ಒಂದು ಭಾಗ ಎಂಜಿನ್ನಿಗೆ, ಮತ್ತೊಂದು ಕ್ಲಚ್ಚಿಗೆ ಸೇರಿದ್ದು, ಇವುಗಳ ನಡುವೆ ಕಮಾನಿನಂತೆ ಬಾಗಿದ ಉದ್ದನೆಯ ಸ್ಪ್ರಿಂಗುಗಳಿರುತ್ತವೆ. ೧೯೮೦ರ ದಶಕದ ನಡುವಿನಲ್ಲಿ ಜರ್ಮನಿಯ ಲುಕ್ ಸಂಸ್ಥೆಯು ಇದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತು. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಸುತ್ತಿಗೆ ಎರಡು ಸ್ಫೋಟಗಳು. ನಿಮಿಷಕ್ಕೆ ೮೦೦ ಸುತ್ತಿನಲ್ಲಿ ಸೆಕೆಂಡಿಗೆ ಸುಮಾರು ೨೭ ಪೆಟ್ಟುಗಳು. ಜೋಡಿಚಕ್ರವು ಅನುರಣನದ ಆವೃತ್ತಿಯನ್ನು ಇದಕ್ಕಿಂತ ಕೆಳಕ್ಕೆ ಇಳಿಸಿಬಿಡುವುದರಿಂದ ಪೆಟ್ಟುಗಳು ಗೇರುಪೆಟ್ಟಿಗೆಯನ್ನು ಮುಟ್ಟುವುದಿಲ್ಲ. ಆದರೆ ಅದರ ಸ್ಪ್ರಿಂಗುಗಳಿಗೂ ಒಂದು ಮಿತಿಯುಂಟು. ತಿರುಗುಬಲವು ಅದನ್ನು ಮೀರಿದರೆ ಅವು ಪೂರ್ತಿ ಅದುಮಿಹೋಗಿ ಕಾಲಕ್ರಮದಲ್ಲಿ ಹಾಳಾಗುತ್ತವೆ. ಆಗ ಜನರು ಒಂಟಿಚಕ್ರಕ್ಕೆ ಬರುತ್ತಾರೆ. ಗಾಲ್ಫ್ ಪ್ರಿಯರು ಬಹುಕಾಲದಿಂದ ಇದೇ ಬಳಗದ ಹಳೆಯ ಜಿ೬೦ ಎಂಜಿನ್ನಿನ ಒಂಟಿಚಕ್ರವನ್ನೂ ವಿಆರ್೬ ಎಂಜಿನ್ನಿನ ೨೨೮ ಮಿಲಿಮೀಟರಿನ ಕ್ಲಚ್ಚನ್ನೂ ಜೋಡಿಸಿಕೊಳ್ಳುತ್ತ ಬಂದಿದ್ದಾರೆ. ಆಡಂಬರವಿಲ್ಲದ, ಬುದ್ಧಿವಂತ ಆಯ್ಕೆಯೆಂದು ನಮ್ಮ ಅಭಿಪ್ರಾಯ. ಹೀಗೆ ಮಾಡುವಾಗ ಕ್ಲಚ್ ಪ್ಲೇಟಿನ ನಡುವೆ ಸ್ಪ್ರಿಂಗುಗಳು ಇರಲೇಬೇಕು. ಜೋಡಿಚಕ್ರದೊಡನೆ ಬರುವ, ಸ್ಪ್ರಿಂಗಿಲ್ಲದ ಪ್ಲೇಟನ್ನು ಒಂಟಿಚಕ್ರಕ್ಕೆ ಹಾಕಿದರೆ ಗೇರುಪೆಟ್ಟಿಗೆಯು ಕಲ್ಲು ತುಂಬಿದ ಡಬ್ಬಿಯಂತೆ ಸದ್ದು ಮಾಡುತ್ತದೆ. ಸ್ಪ್ರಿಂಗುಳ್ಳ ಪ್ಲೇಟಿದ್ದರೂ ಗೇರು ಹಾಕದೆ ನಿಂತಾಗ ಸ್ವಲ್ಪ ಗಲಗಲ ಸದ್ದು ಕೇಳಿಸೀತು, ಅದಕ್ಕೆ ಅಂಜಬೇಕಾಗಿಲ್ಲ.

ಅಂಜಬೇಕಾದುದು ಬೇರೆ. ಹಣ ಉಳಿಸಲೆಂದು ಕೆಲವರು ಎರಕದ ಕಬ್ಬಿಣದ ಮೂಲ ಫ್ಲೈವೀಲನ್ನೇ ಲೇತಿಗೆ ಕೊಟ್ಟು ಬೇಕಾದಷ್ಟು ಕೊರೆಸಿ ಹಗುರ ಮಾಡಿಸುತ್ತಾರೆ. ೨೮ ಸೆಂಟಿಮೀಟರ್ ವ್ಯಾಸದ ಚಕ್ರವು ೭,೦೦೦ ಸುತ್ತು ತಿರುಗುವಾಗ ಅದರ ಅಂಚಿನ ವೇಗವು ಸೆಕೆಂಡಿಗೆ ೧೦೦ ಮೀಟರಿಗೂ ಹೆಚ್ಚು, ಎಂದರೆ ಗಂಟೆಗೆ ಸುಮಾರು ೩೭೦ ಕಿಲೋಮೀಟರ್. ಚಕ್ರವನ್ನು ಸೀಳಲೆಳಸುವ ಒಳಬಲವು ಈ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಎರಕದ ಕಬ್ಬಿಣವು ಒತ್ತಡವನ್ನು ತಾಳುವಂತೆ ಎಳೆತವನ್ನು ತಾಳದು. ಕ್ಲಚ್ಚಿನ ಶಾಖದಿಂದ ಅದರ ಮೈಯಲ್ಲಿ ಕೂದಲೆಳೆಯಂಥ ಬಿರುಕುಗಳು ಮೂಡುತ್ತವೆ. ಇಂಥ ಚಕ್ರ ಸಿಡಿದರೆ ಚೂರುಗಳು ಕವಚವನ್ನು ಸೀಳಿಕೊಂಡು ಬರುತ್ತವೆ. ಎಂಜಿನ್ನು ಉದ್ದಕ್ಕೆ ಕುಳಿತ, ಹಿಂಗಾಲಿ ಚಾಲನೆಯ ಗಾಡಿಗಳಲ್ಲಿ ಆ ಕವಚವಿರುವುದು ಚಾಲಕನ ಪಾದಗಳ ಬಳಿ. ಆದುದರಿಂದಲೇ ಅಮೆರಿಕದ ಪಂದ್ಯಗಳ ನಿಯಮಗಳಲ್ಲಿ ಎಸ್‌ಎಫ್‌ಐ ೧.೧ ಎಂಬ ಪರೀಕ್ಷಾ ಮಾನವೊಂದುಂಟು. ಹಗುರ ಚಕ್ರ ಬೇಕೇ ಬೇಕೆನ್ನುವವರು ಇಡಿಯ ಉಕ್ಕಿನಿಂದ ಮಾಡಿದ, ಇಂಥ ಪರೀಕ್ಷೆಗೊಳಪಟ್ಟ ಚಕ್ರವನ್ನೇ ಕೊಳ್ಳಬೇಕು.

ಹಾಗಾದರೆ ನಮ್ಮ ೩೦೦ ನ್ಯೂಟನ್-ಮೀಟರಿನ ದಿನಬಳಕೆಯ ಕಾರಿಗೆ ನಾವು ಆರಿಸುವುದು ಇದನ್ನು: ಏಳೆಂಟು ಕಿಲೋಗ್ರಾಮಿನ ಉಕ್ಕಿನ ಒಂಟಿಚಕ್ರ, ಬಲವಾದ ಪ್ರೆಶರ್ ಪ್ಲೇಟು, ನಾರಿನ ಹೊದಿಕೆಯ ಸ್ಪ್ರಿಂಗುಳ್ಳ ಪ್ಲೇಟು. ೪೦೦ನ್ನು ದಾಟುವವರು ಬಿಲ್ಲೆಗಳ ಪ್ಲೇಟಿನ ಕುಪ್ಪಳಿಕೆಯನ್ನು ಸಹಿಸಬೇಕು, ಇಲ್ಲವೆ ದುಬಾರಿಯಾದ ಎರಡು ಪ್ಲೇಟಿನ ಕ್ಲಚ್ಚಿಗೆ ಹಣ ಕೂಡಿಡಬೇಕು.

ಹೊಸ ಕ್ಲಚ್ಚನ್ನು ಹಾಕಿದ ಮೇಲೆ ಮೊದಲ ೮೦೦ ಕಿಲೋಮೀಟರಿನಷ್ಟು ದೂರ, ಊರೊಳಗೆ ಗೇರು ಬದಲಿಸುತ್ತ ಮೆಲ್ಲನೆ ಓಡಿಸಬೇಕು. ಮುಖಗಳು ಒಂದಕ್ಕೊಂದು ಹೊಂದಿಕೊಳ್ಳುವ ಮುನ್ನವೇ ಪೂರ್ಣ ಬಲ ಹಾಕಿದರೆ ಹೊದಿಕೆಯು ಗಾಜಿನಂತೆ ನುಣುಪಾಗಿ, ಬಳಿಕ ಹಿಡಿಯುವುದೇ ಇಲ್ಲ. ಗೇರುಪೆಟ್ಟಿಗೆಯನ್ನು ಇಳಿಸಿದಾಗಲೇ ರಿಲೀಸ್ ಬೇರಿಂಗನ್ನೂ ಕ್ರ್ಯಾಂಕ್ ದಂಡದ ಹಿಂಬದಿಯ ಎಣ್ಣೆಯ ಸೀಲನ್ನೂ ಬದಲಿಸುವುದು ಲೇಸು. ಆ ಸೀಲಿನಿಂದ ಒಸರಿದ ಎಣ್ಣೆ ಪ್ಲೇಟಿನ ಮೇಲೆ ಬಿದ್ದರೆ ಘರ್ಷಣಾಂಕವು ಕುಸಿದು, ಮೇಲಿನ ಲೆಕ್ಕವನ್ನೆಲ್ಲ ಮತ್ತೆ ಮೊದಲಿನಿಂದ ಹಾಕಬೇಕಾಗುತ್ತದೆ.